ಕಾರಣ ಗೊತ್ತಿಲ್ಲದ ದಿನಗಳಲ್ಲಿ

ಮುದ್ದು ಮಗಳೇ,

ಕರ್ತನಾದ ಯೇಸುವಿನ ನಾಮದಲ್ಲಿ ನಿನಗೂ ಅಳಿಯಂದಿರಿಗೂ ದೊಡ್ಡಮ್ಮನ ವಂದನೆಗಳು.

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಒಂದೇ ಮಾತು ಕೇಳಿದೆ. "ದೊಡ್ಡಮ್ಮ, ಇದೂ ದೇವರ ಯೋಜನೆಯೇನಾ?" ನನಗೆ ಗಂಟಲು ಕಟ್ಟಿತು, ಏನೂ ಹೇಳಲಾಗಲಿಲ್ಲ. ಏಳು ತಿಂಗಳು ಹೊತ್ತ ಮಗುವನ್ನು ಕಳೆದುಕೊಂಡು ಬರಿಗೈಯಲ್ಲಿ ಮನೆಗೆ ಬಂದವಳಿಗೆ ಫೋನಿನಲ್ಲಿ ಏನು ಹೇಳಲಿ? ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ಓದಲಾಗದಿದ್ದರೆ ಮಡಚಿಡು, ಇನ್ನೊಂದು ದಿನ ಓದಿದರಾಯಿತು.

ಮೊದಲು ಒಂದು ಮಾತು. ಇದು ಯಾಕಾಯಿತು ಅಂತ ನನಗೆ ಗೊತ್ತಿಲ್ಲ. ನಿನ್ನನ್ನು ನೋಡಲು ಬಂದು "ದೇವರ ಚಿತ್ತ" ಅಂತ ಹೇಳಿಹೋದವರಿಗೂ ಗೊತ್ತಿಲ್ಲ. ನಿನ್ನ ನಂಬಿಕೆ ಕಡಿಮೆಯಾದ್ದರಿಂದ ಹೀಗಾಯಿತು ಅಂತ ಯಾರೋ ಅಂದರಂತೆ. ಆ ಮಾತನ್ನು ಮನಸ್ಸಿಗೆ ತಗೋಬೇಡ, ಅದು ಸುಳ್ಳು. ಹುಟ್ಟುಕುರುಡನನ್ನು ತೋರಿಸಿ "ಯಾರು ಪಾಪ ಮಾಡಿದ್ದಕ್ಕೆ ಹೀಗಾಯಿತು, ಇವನೋ ಇವನ ತಂದೆತಾಯಿಯೋ" ಅಂತ ಶಿಷ್ಯರು ಕೇಳಿದಾಗ, ಇಬ್ಬರೂ ಅಲ್ಲ ಅಂತ ಯೇಸುವೇ ಹೇಳಿದ್ದಾನೆ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ.

ನಿನ್ನ ದೊಡ್ಡಪ್ಪ ಹೋಗಿ 19 ವರ್ಷ ಆಯಿತು. ಅವರು 11 ತಿಂಗಳು ಹಾಸಿಗೆ ಹಿಡಿದಿದ್ದರು. ಅಷ್ಟು ದಿನವೂ ನಾನು ಮೊಣಕಾಲೂರಿ ಬೇಡಿದೆ. ಅವರು ಹೋದಮೇಲೆ ಸುಮಾರು ಒಂದು ವರ್ಷ ನನಗೆ ಪ್ರಾರ್ಥನೆಯೇ ಬರಲಿಲ್ಲ. ಸಭೆಗೆ ಹೋಗುತ್ತಿದ್ದೆ, ಎಲ್ಲರೂ ಎದ್ದರೆ ಏಳುತ್ತಿದ್ದೆ, ಕೂತರೆ ಕೂರುತ್ತಿದ್ದೆ. ಅಷ್ಟೇ. ಒಳಗೆ ದೇವರ ಮೇಲೆ ಬೆಂಕಿಯಂಥ ಸಿಟ್ಟು. ಒಂದು ರಾತ್ರಿ ಅಡುಗೆಮನೆಯಲ್ಲಿ ನಿಂತು "ನಿನಗೆ ಕಿವಿ ಇದೆಯಾ?" ಅಂತ ಜೋರಾಗಿಯೇ ಕೇಳಿಬಿಟ್ಟೆ. ಆಮೇಲೆ ಪಾಪ ಮಾಡಿದೆ ಅನ್ನಿಸಿ ನಡುಗಿದೆ. ಆದರೆ ಇಡೀ ವರ್ಷದಲ್ಲಿ ನಾನು ಮಾಡಿದ ನಿಜವಾದ ಪ್ರಾರ್ಥನೆ ಅದೊಂದೇ ಅಂತ ಈಗ ಅನ್ನಿಸುತ್ತದೆ.

13ನೇ ಕೀರ್ತನೆ ತೆಗೆದು ನೋಡು. ಇರುವುದೇ ಆರು ವಚನ. ಅದರಲ್ಲಿ "ಎಷ್ಟರ ತನಕ" ಅಂತ ದಾವೀದ ನಾಲ್ಕು ಸಲ ಕೇಳುತ್ತಾನೆ. ನನ್ನನ್ನು ಮರೆತೇಬಿಟ್ಟೆಯಾ ಅಂತ ನೇರವಾಗಿ ದೇವರನ್ನೇ ಕೇಳುತ್ತಾನೆ. ಕೊನೆಯಲ್ಲಿ ಸಮಾಧಾನಕ್ಕೆ ಬರುತ್ತಾನೆ ನಿಜ. ಆದರೆ 88ನೇ ಕೀರ್ತನೆಯಲ್ಲಿ ಅದೂ ಇಲ್ಲ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅಂಥ ಪ್ರಾರ್ಥನೆಯನ್ನೂ ದೇವರು ತನ್ನ ವಾಕ್ಯದಲ್ಲಿ ಉಳಿಸಿಕೊಂಡಿದ್ದಾನೆ. ನೀನು ಈಗ ಅತ್ತು ಜಗಳವಾಡಿದರೂ ಆತನ ಜೊತೆಗೇ ಮಾತಾಡುತ್ತಿದ್ದೀಯ ಅಂತ ಅಲ್ವಾ?

ನಿನ್ನ ಹಾಸಿಗೆಯ ಪಕ್ಕದ ಗೋಡೆಯಲ್ಲಿ, ನಿಮ್ಮ ವಿಷಯದಲ್ಲಿ ನನ್ನದು ಹಿತದ ಯೋಚನೆಯೇ ಅಂತ ದೇವರು ಹೇಳುವ ಯೆರೆಮೀಯ 29:11ರ ವಚನ ತೂಗುಹಾಕಿದ್ದೀಯ. ಈಗ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ ಅಂದೆ. ತೆಗೆದು ಒಳಗಿಟ್ಟರೂ ತಪ್ಪಿಲ್ಲ. ಆದರೆ ಅದರ ಹಿಂದಿನ ವಚನವನ್ನು ಒಮ್ಮೆ ಓದು. ಅದೂ ಒಂದು ಪತ್ರವೇ, ಮಗಳೇ. ಸೆರೆಯಾಗಿ ಬಾಬೆಲಿಗೆ ಹೋದವರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬರೆದದ್ದು. ಆಗ ಹನನ್ಯ ಅನ್ನುವ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಸಾರುತ್ತಿದ್ದ. ಕೇಳಲು ಎಷ್ಟು ಹಿತ! ಅದು ಸುಳ್ಳು ಅಂತ ಯೆರೆಮೀಯ ಅವನ ಮುಖಕ್ಕೇ ಹೇಳಿದ. ಊರಿಗೆ ಮರಳಲು 70 ವರ್ಷ ಆಗಬೇಕು ಅಂತ ಪತ್ರದಲ್ಲಿ ಬರೆದ. ಅದನ್ನು ಓದಿದವರಲ್ಲಿ ಎಷ್ಟೋ ಜನ ಮತ್ತೆ ತಮ್ಮ ಊರು ನೋಡದೆಯೇ ಸತ್ತಿರಬೇಕು. ಹಿತದ ಯೋಚನೆ, ನಿರೀಕ್ಷೆ ಅನ್ನುವ ಮಾತು ಬಂದದ್ದು ಅಂಥವರಿಗೆ. ಅಲ್ಲಿಯವರೆಗೆ ಏನು ಮಾಡಬೇಕಂತೆ? ಮನೆ ಕಟ್ಟಿರಿ, ತೋಟ ಮಾಡಿರಿ, ಅದರ ಫಲ ತಿನ್ನಿರಿ. ಅತ್ತುಕೊಂಡೇ ಆದರೂ ಬದುಕಿರಿ, ನಾನು ನಿಮ್ಮನ್ನು ಮರೆತಿಲ್ಲ ಅಂತ ಹೇಳಿದ ಹಾಗಿದೆ ನನಗೆ.

ಸ್ವಂತ ಅಣ್ಣಂದಿರೇ ಗುಂಡಿಗೆ ಹಾಕಿ ಆಳಾಗಿ ಮಾರಿದ ಯೋಸೇಫನ ಕಥೆಯನ್ನೂ ನಿನಗೆ ಹೇಳಿರುತ್ತಾರೆ. ನೀವು ಕೇಡು ಬಗೆದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದ ಅಂತ ಅವನು ಅಣ್ಣಂದಿರಿಗೆ ಹೇಳಿದ್ದು ನಿಜ. ಆದರೆ ಎಲ್ಲಿ ಹೇಳಿದ ನೋಡು. ಆದಿಕಾಂಡದ ಕೊನೆಯ ಅಧ್ಯಾಯದಲ್ಲಿ. ಅವನ ಕಥೆ ಶುರುವಾದಾಗ ಅವನಿಗೆ 17 ವರ್ಷ, ಫರೋಹನ ಮುಂದೆ ನಿಂತಾಗ 30. ನಡುವಿನ ವರ್ಷಗಳಲ್ಲಿ ಆಳಾಗಿದ್ದ, ಸೆರೆಮನೆಯಲ್ಲಿದ್ದ, ನೆನಪಿಸಿಕೋ ಅಂತ ಯಾರನ್ನು ಬೇಡಿಕೊಂಡನೋ ಆ ಮನುಷ್ಯನೇ ಅವನನ್ನು ಮರೆತ. ಆ ದಿನಗಳಲ್ಲಿ ಅವನು ಯೋಜನೆಯ ಮಾತೇ ಆಡಿಲ್ಲ, ನನ್ನನ್ನು ಇಲ್ಲಿಂದ ಬಿಡಿಸು ಅಂದ. ಇನ್ನೊಂದು ವಿಷಯ ನನ್ನನ್ನು ಯಾವಾಗಲೂ ಕಾಡುತ್ತದೆ. ಗುಂಡಿಗೆ ಹಾಕಿದ ದಿನದ ಕಥೆಯಲ್ಲಿ ಅವನು ಅತ್ತ ಅಂತ ಎಲ್ಲೂ ಇಲ್ಲ. 20 ವರ್ಷ ದಾಟಿದ ಮೇಲೆ ಅಣ್ಣಂದಿರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಾಗ ಹೊರಬೀಳುತ್ತದೆ. ಅವನು ಬೇಡಿಕೊಂಡ, ಅವನ ಪ್ರಾಣಸಂಕಟ ನೋಡಿಯೂ ನಾವು ಕೇಳಲಿಲ್ಲ ಅಂತಾರೆ. ಎಲ್ಲರೂ ಮರೆತ ಆ ಕೂಗು ದೇವರ ಲೆಕ್ಕದಲ್ಲಿ ಉಳಿದಿತ್ತು.

"ಒಳ್ಳೆಯದಕ್ಕೇ ಆಯಿತು" ಅನ್ನುವ ಮಾತು ಯೋಸೇಫನ ಬಾಯಲ್ಲಿ ಬಂದರೆ ಚೆಂದ. ಗುಂಡಿಯ ಮೇಲೆ ನಿಂತವನು ಕೆಳಗೆ ಬಗ್ಗಿ ಅದನ್ನೇ ಹೇಳಿದರೆ ಅದು ಕ್ರೌರ್ಯ. ಒಂದು ದಿನ ನಿನ್ನ ಬಾಯಲ್ಲಿ ಆ ಮಾತು ಬಂದೀತು, ಬರದೆಯೂ ಇದ್ದೀತು. ನನಗಂತೂ ದೊಡ್ಡಪ್ಪನ ವಿಷಯದಲ್ಲಿ ಇನ್ನೂ ಬಂದಿಲ್ಲ. ಆದರೂ ನಾನು ಆತನನ್ನು ನಂಬುತ್ತೇನೆ.

ಹೇಗೆ ಅಂತ ಕೇಳುತ್ತೀಯ. ಲಾಜರನ ಸಮಾಧಿಯ ಹತ್ತಿರ ನಿಂತ ಯೇಸುವನ್ನು ನೋಡಿ ನಂಬಿದೆ ಅಂತಲೇ ಹೇಳಬೇಕು. ಆತನಿಗೆ ಯೋಜನೆ ಪೂರ್ತಿ ಗೊತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆ ಅಂತಲೂ ಗೊತ್ತಿತ್ತು. ಆದರೂ ಲಾಜರನ ಸಹೋದರಿ ಮರಿಯಳು ಅಳುವುದನ್ನು ಕಂಡು ಆತನೂ ಅತ್ತ. ಅಳಬೇಡ, ಎಲ್ಲ ಸರಿಹೋಗುತ್ತದೆ ಅನ್ನಲಿಲ್ಲ. ಆಮೇಲೆ ಶಿಲುಬೆಯ ಮೇಲೆ "ನನ್ನನ್ನು ಯಾಕೆ ಕೈಬಿಟ್ಟೆ" ಅಂತ ಕೂಗಿದವನೂ ಆತನೇ. ನಿನ್ನ "ಯಾಕೆ" ಅನ್ನುವ ಮಾತು ಆತನ ಬಾಯಿಂದಲೂ ಬಂದಿದೆ, ಕಂದಾ. ನನಗೆ ಕಾರಣ ಹೇಳದ ದೇವರು ನನ್ನ ಪಕ್ಕದಲ್ಲೇ ಕೂತು ಅತ್ತಿದ್ದಾನೆ ಅಂತ ಗೊತ್ತಾದ ಮೇಲೆ, ಕಾರಣ ತಿಳಿಯದೆಯೂ ಆತನ ಕೈ ಹಿಡಿದುಕೊಂಡು ನಡೆಯಲು ಆಯಿತು. ಕೆಲವು ದಿನ ನಾನು ಹಿಡಿದಿದ್ದೆ. ಜಾಸ್ತಿ ದಿನ ಆತನೇ ಹಿಡಿದಿದ್ದ.

ಈಗ ದೊಡ್ಡ ದೊಡ್ಡ ಪ್ರಾರ್ಥನೆ ಮಾಡಲು ಹೋಗಬೇಡ. ಮಾತು ಹೊರಡದಿದ್ದರೆ ಸುಮ್ನೆ ಕೂತಿರು. ನಮಗೆ ಪ್ರಾರ್ಥಿಸಲು ತಿಳಿಯದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಅಂತ ಪೌಲ ರೋಮಾಪುರದವರಿಗೆ ಬರೆದಿದ್ದಾನೆ. ಎಲ್ಲವೂ ಹಿತಕ್ಕಾಗಿ ಅನ್ನುವ ವಚನ ಅದಾದ ಮೇಲೆ ಬರುತ್ತದೆ.

ನಿದ್ದೆ ಮಾಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವರು ಉಪದೇಶ ಮಾಡಲಿಲ್ಲ, ದೂತನನ್ನು ಕಳಿಸಿ ಎರಡು ಸಲ ರೊಟ್ಟಿ, ನೀರು ಕೊಡಿಸಿದ. ಬೆಳಗ್ಗೆ ಏಳಲೇ ಬೇಡ ಅನ್ನಿಸುವ ದಿನಗಳು ಜಾಸ್ತಿಯಾದರೆ ಡಾಕ್ಟರಿಗೆ ಮುಚ್ಚಿಡದೆ ಹೇಳು. ಮಾತ್ರೆ ತಗೊಂಡರೆ ನಂಬಿಕೆ ಹೋಯಿತು ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸು. ಅಳಿಯಂದಿರನ್ನೂ ನೋಡಿಕೋ. ಅವರದೂ ಮಗುವೇ ಹೋದದ್ದು. ಹೇಗಿದ್ದೀಯ ಅಂತ ಅವರನ್ನು ಯಾರೂ ಕೇಳುತ್ತಿಲ್ಲ.

ಮಕ್ಕಳನ್ನೂ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಏನೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಬಾಯಿ ಬಿಟ್ಟಮೇಲೆಯೇ ಎಲ್ಲ ಕೆಡಿಸಿದ್ದು. ನಾನು ಪ್ರಾರ್ಥಿಸಲಾಗದ ಆ ವರ್ಷ ನಿನ್ನ ಅಮ್ಮ ಸಂಜೆ ಹೊತ್ತು ಬಂದು ನನ್ನ ಪಕ್ಕ ಹಾಗೇ ಕೂರುತ್ತಿದ್ದಳು. ಒಂದು ವಚನವನ್ನೂ ಹೇಳಲಿಲ್ಲ. ಶನಿವಾರ ನಾನು ಬರುತ್ತೇನೆ, ನಾಲ್ಕು ದಿನ ಇರುತ್ತೇನೆ. ಮಾತಾಡಲೇಬೇಕು ಅಂತೇನಿಲ್ಲ. ಮಗುವಿಗೆ ಇಡಬೇಕು ಅಂದುಕೊಂಡಿದ್ದ ಹೆಸರನ್ನು ಯಾರಿಗೂ ಹೇಳಿಲ್ಲ ಅಂದೆಯಲ್ಲ, ಹೇಳಬೇಕು ಅನ್ನಿಸಿದರೆ ನನಗೆ ಹೇಳು. ಇನ್ನು ಮುಂದೆ ನಾನೂ ಆ ಹೆಸರಿನಿಂದಲೇ ಅವಳನ್ನು ನೆನೆಯುತ್ತೇನೆ.

ನಿನ್ನ ಪ್ರೀತಿಯ
ದೊಡ್ಡಮ್ಮ