ಭಾನುವಾರದ ನಂದಿ ಓಟ: ನೀರು ಮತ್ತು ಬಿಗಿ ಕಾಲುಚೀಲ

ಸ್ನೇಹಿತರೇ, ಭಾನುವಾರ ನಂದಿ ಬೆಟ್ಟದ ಏರು ರಸ್ತೆಯ ಓಟ. ನೀರಿಲ್ಲದೆ ಯಾರೂ ಬರಬೇಡಿ. ಕೈಯಲ್ಲಿ ಬಾಟಲಿ ಹಿಡಿದು ಏರಿದರೆ ಭುಜ ಬೇಗ ಸೋಲುತ್ತದೆ. ಎದೆಗೆ ಒತ್ತಿ ಕೂರುವ ವೆಸ್ಟ್ (ನೀರಿಡಲು ಜೇಬುಗಳಿರುವ, ತೋಳಿಲ್ಲದ ಓಟದ ಮೇಲಂಗಿ), ಅದರಲ್ಲಿ 500 ಮಿಲಿಲೀಟರಿನ ಎರಡು ಮೆತ್ತನೆಯ ಫ್ಲಾಸ್ಕ್ ಇರಲಿ. ಕುಡಿದಂತೆಲ್ಲ ಫ್ಲಾಸ್ಕ್ ಕುಗ್ಗುವುದರಿಂದ ನೀರು ಕುಲುಕುವುದಿಲ್ಲ. ಕೊಳ್ಳುವ ಮುನ್ನ ನೀರು ತುಂಬಿಸಿ, ಅಂಗಡಿಯ ಮುಂದೆಯೇ ನಾಲ್ಕು ಹೆಜ್ಜೆ ಓಡಿ ನೋಡಿ.

ಬಿಗಿ ಕಾಲುಚೀಲದ (ಕಂಪ್ರೆಷನ್ ಸಾಕ್ಸ್) ಬಗ್ಗೆ ಹಲವರು ಕೇಳಿದ್ದೀರಿ. ವೇಗ ಹೆಚ್ಚುತ್ತದೆಂದು ನಂಬಿ ಹಣ ಸುರಿಯಬೇಡಿ. ಮರುದಿನದ ಮೀನಖಂಡದ ನೋವು ಕೆಲವರಿಗೆ ಕಡಿಮೆಯಾಗುತ್ತದೆ, ಅಷ್ಟೇ. ಬೆಳಿಗ್ಗೆ ಎದ್ದೊಡನೆ, ಕಾಲು ಊದುವ ಮೊದಲು, ಹರಡು (ಪಾದದ ಮೇಲಿನ ಗಂಟು) ಮತ್ತು ಮೀನಖಂಡದ ಸುತ್ತಳತೆ ತೆಗೆದು ಆರಿಸಿ. ಹರಡಿನ ಬಳಿ ಹೆಚ್ಚು ಬಿಗಿ, ಮೇಲೇರಿದಂತೆ ಸಡಿಲವಾಗಿರಬೇಕು. ಬೆರಳು ಜೋಮು ಹಿಡಿದರೆ ತಕ್ಷಣ ತೆಗೆಯಿರಿ. ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಧರಿಸಿ.