ಪಟ್ಟಿ ಬರೆಯುವ ಮೊದಲು

ಜೆಪ್ಪು, ಮಂಗಳೂರು

ಪ್ರೀತಿಯ ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಿನ್ನ ವಾಟ್ಸಾಪ್ ಬಂತು. ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆಯುವುದು ನನ್ನಿಂದಾಗುವ ಕೆಲಸ ಅಲ್ಲ ಮಾರಾಯ. ಅದಕ್ಕೆ ಕಾಗದದಲ್ಲಿ ಬರೆಯುತ್ತಿದ್ದೇನೆ. ನಿನ್ನ ಅಮ್ಮ ಫೋಟೋ ತೆಗೆದು ಕಳಿಸುತ್ತಾಳಂತೆ. ಓದದೆ ಕಳಿಸುವವಳಲ್ಲ ಅವಳು. ಅದು ನಿನಗೂ ಗೊತ್ತುಂಟು.

ನೀನು ಎರಡು ವಿಷಯ ಬರೆದಿದ್ದೀ. ಒಂದು, ದೇಶದ ಕೈಗಾರಿಕೆ ಇಷ್ಟು ಏರಿತು ಎನ್ನುವ ಗ್ರಾಫ್. ಇನ್ನೊಂದು, ಪೀಣ್ಯದಲ್ಲಿ ತಗಡು ಒತ್ತುವ ನಿನ್ನ ಪ್ರೆಸ್ ಶಾಪಿನಲ್ಲಿ ಮೇಲಿನವರು ಹೇಳಿದ್ದು. ತಲಾ ಉತ್ಪಾದನೆ ಸಾಲದು, ಯಾರನ್ನು ಬಿಡಬಹುದು ಎಂದು ಹನ್ನೆರಡು ಜನರ ಪಟ್ಟಿ ಕೊಡು ಎಂದರಂತೆ. ಆ ಗ್ರಾಫ್ ನೋಡಿದರೆ ಎಲ್ಲ ಕಡೆ ಓಡುತ್ತಿದ್ದಾರೆ, ನಾವು ಮಾತ್ರ ನಿಂತಿದ್ದೇವೆ ಅನ್ನಿಸುತ್ತದೆ ಎಂದು ಬೇರೆ ಬರೆದಿದ್ದೀ.

ಮೊದಲು ಗ್ರಾಫಿನ ವಿಷಯ ಮುಗಿಸುತ್ತೇನೆ. ಕೈಗಾರಿಕಾ ಉತ್ಪಾದನಾ ಸೂಚ್ಯಂಕ ತಿಂಗಳಿಗೊಮ್ಮೆ ಬರುತ್ತದೆ. ಗಣಿ, ಕಾರ್ಖಾನೆ, ವಿದ್ಯುತ್ ಮೂರೂ ಸೇರಿದ ಲೆಕ್ಕ ಅದು. 2021ರ ಏಪ್ರಿಲ್‌ನಲ್ಲಿ ಅದು ಶೇಕಡಾ 134 ಏರಿತು ಎಂದು ಬಂತು. ಓದಿದವರಿಗೆ ದೇಶ ಹಾರಿಯೇ ಹೋಯಿತು ಅನ್ನಿಸಬೇಕು. ಆದದ್ದು ಇಷ್ಟೇ. 2011–12ನ್ನು 100 ಎಂದು ಇಟ್ಟ ಆ ಲೆಕ್ಕದಲ್ಲಿ 2019ರ ಏಪ್ರಿಲ್‌ ಅಂಕಿ 126ರ ಹತ್ತಿರ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್, 54ಕ್ಕೆ ಬಿತ್ತು. 2021ರಲ್ಲಿ ಮತ್ತೆ 126ರ ಹತ್ತಿರ ಬಂತು. ಬಾವಿಗೆ ಬಿದ್ದ ಕೊಡ ಮೇಲೆ ಬಂದದ್ದು ಅದು. ಕೊಡವೇನೂ ದೊಡ್ಡದಾಗಲಿಲ್ಲ.

ಹಾಗಾಗಿ ತಿಂಗಳ ಅಂಕಿ ನೋಡಿ ಕುಣಿಯುವುದೂ ಬೇಡ, ತಲೆಗೆ ಕೈ ಕೊಟ್ಟು ಕೂರುವುದೂ ಬೇಡ. ಇಪ್ಪತ್ತು ಮೂವತ್ತು ವರ್ಷದ ಗೆರೆ ನೋಡು. ವರ್ಷಕ್ಕೆ ಶೇಕಡಾ 2ರ ಹಾಗೆ ಬೆಳೆಯುವುದು ಎರಡು ಪಟ್ಟಾಗಲು 35 ವರ್ಷ ಬೇಕು. 5ರ ಹಾಗೆ ಬೆಳೆದರೆ 14 ವರ್ಷ ಸಾಕು. ಉಡುಪಿಯಲ್ಲಿ 1928ರಲ್ಲಿ ಪಿಗ್ಮಿ ಶುರುವಾದಾಗ ದಿನಕ್ಕೆ ಎರಡಾಣೆ ಕಟ್ಟಿದವರು ಯಾವ ಗ್ರಾಫನ್ನೂ ನೋಡಿರಲಿಲ್ಲ. ಆದರೂ ಈ ಲೆಕ್ಕ ಅವರಿಗೆ ಗೊತ್ತಿತ್ತು.

ಇನ್ನು ಉತ್ಪಾದನೆ ಬೇರೆ, ಉತ್ಪಾದಕತೆ ಬೇರೆ. ನಿನ್ನ ಮೇಲಿನವರು ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ್ದಾರೆ ಅಂತ ನನಗೆ ಅನುಮಾನ.

ಅಜ್ಜಿ ಬೀಡಿ ಕಟ್ಟುತ್ತಿದ್ದದ್ದು ನಿನಗೆ ಸ್ವಲ್ಪ ನೆನಪಿರಬಹುದು. ಗೆರಸೆ ಮಡಿಲಲ್ಲಿಟ್ಟು ಚಾವಡಿಯಲ್ಲಿ ಕೂತರೆ ಸಂಜೆಯೊಳಗೆ 800 ಆಗುತ್ತಿತ್ತು. ಹಬ್ಬ ಹತ್ತಿರ ಬಂದರೆ ರಾತ್ರಿಯೂ ಕೂತು 1000 ಮಾಡುತ್ತಿದ್ದರು. ಮಜೂರಿ ಸಾವಿರಕ್ಕೆ ಇಷ್ಟು ಅಂತ. ಸಾಲದೆ ಬಂದಾಗ ಶಾಲೆಯಿಂದ ಬಂದ ನಿನ್ನ ಅಮ್ಮನನ್ನೂ ಪಕ್ಕದಲ್ಲಿ ಕೂರಿಸುತ್ತಿದ್ದರು. ಆಗ ಬೀಡಿ ಕಂಪನಿಯ ಬ್ರಾಂಚಿಗೆ ಹೋಗುವ ಬೀಡಿ ಜಾಸ್ತಿಯಾಗುತ್ತಿತ್ತು. ಉತ್ಪಾದನೆ ಏರಿತು, ಸರಿ. ಆದರೆ ಉತ್ಪಾದಕತೆ, ಅಂದರೆ ಒಂದು ಕೈ ಒಂದು ಗಂಟೆಗೆ ಕಟ್ಟಿದ್ದು ಎಷ್ಟು? ಮೊದಲಿನಷ್ಟೇ. ನಲವತ್ತು ವರ್ಷ ಕಟ್ಟಿದರೂ ಅಷ್ಟೇ. ಎಲೆ ಕತ್ತರಿಸಿ, ಪುಡಿ ಹಾಕಿ, ಸುರುಳಿ ಸುತ್ತಿ, ನೂಲು ಬಿಗಿಯುವ ಬೆರಳಿಗೆ ಒಂದು ವೇಗ ಉಂಟು. ಅದರಾಚೆ ಅದು ಹೋಗುವುದಿಲ್ಲ. ದೇಶಗಳೂ ಹೀಗೆ ಜನ ಕೂರಿಸಿ ಕೂರಿಸಿ ಬಹಳ ಕಾಲ ಬೆಳೆಯಬಹುದು. ಕೂರಿಸಲು ಮನೆಯಲ್ಲಿ ಇನ್ನೊಬ್ಬ ಮಗಳು ಇರುವವರೆಗೆ.

ಹಾಗಾದರೆ ಯಂತ್ರ ತಂದರಾಯಿತು ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಅದರ ಕಥೆ ನಿನಗೆ ಈವರೆಗೆ ಹೇಳಿರಲಿಲ್ಲ.

ನಮ್ಮ ಊರಿಗೆ ಕಾರ್ಖಾನೆ ಹೊಸತಲ್ಲ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಇಲ್ಲೇ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಅದಕ್ಕೂ ಮುಂಚೆ ಕುಂಬಾರರು ಕೈಯಲ್ಲಿ ಮಾಡಿದ ನಾಡಹಂಚು. ಅಚ್ಚಿನಲ್ಲಿ ಒತ್ತಿದ ಹಂಚು ಒಂದಕ್ಕೊಂದು ಕಚ್ಚಿ ಕೂರುತ್ತದೆ, ಗಾಳಿಮಳೆಗೆ ಜಗ್ಗುವುದಿಲ್ಲ. ನದಿ ದಡದಲ್ಲಿ ಆವೆ ಮಣ್ಣು ಇತ್ತು, ಮೇಲಿನಿಂದ ಸೌದೆ ಬರುತ್ತಿತ್ತು, ಸಾಗಿಸಲು ದೋಣಿ, ಕೆಳಗೆ ಬಂದರು. ಮಂಗಳೂರು ಹಂಚು ಕಡಲು ದಾಟಿ ಹೋದದ್ದು ಹೀಗೆ.

1983ರಲ್ಲಿ ನಾನು ಅಂಥದೇ ಒಂದು ಕಾರ್ಖಾನೆಯಲ್ಲಿ ಲೆಕ್ಕದ ಗುಮಾಸ್ತ. ಯಾವುದು ಅಂತ ಬೇಡ. ಹೊಸ ಪ್ರೆಸ್ ಬಂತು. ಹಳೆಯದಕ್ಕಿಂತ ಜೋರು. ದಣಿಗಳು ನನ್ನನ್ನು ಕರೆದು, ಈಗ ಎಷ್ಟು ಜನ ಜಾಸ್ತಿ ಆಗುತ್ತಾರೆ, ನೋಡಿ ಹೇಳು ಎಂದರು. ನನಗೆ ಆಗ ನಿನ್ನ ವಯಸ್ಸು. ದೊಡ್ಡ ಜವಾಬ್ದಾರಿ ಕೊಟ್ಟರು ಅಂತ ಹೆಮ್ಮೆ. ಪ್ರೆಸ್ಸಿನ ಹತ್ತಿರದವರನ್ನು ಮುಟ್ಟಲಿಲ್ಲ, ಅವರು ಹಂಚು ಒತ್ತುವುದು ಕಣ್ಣಿಗೆ ಕಾಣುತ್ತಿತ್ತು. ಒಣಗಿಸುವ ಶೆಡ್ಡಿನಲ್ಲಿ ಆರು ಜನ ಇದ್ದರು. ಹಸಿ ಹಂಚನ್ನು ನೋಡುತ್ತಾ, ತಿರುಗಿಸುತ್ತಾ, ಜಾಗ ಬದಲಿಸುತ್ತಾ ಓಡಾಡುತ್ತಿದ್ದರು. ಅವರ ಕೈಯಿಂದ ಒಂದು ಹಂಚೂ ಹುಟ್ಟುತ್ತಿರಲಿಲ್ಲ. ಆ ಆರು ಹೆಸರು ಬರೆದೆ.

ಮೊದಲ ತಿಂಗಳು ನನ್ನ ಲೆಕ್ಕದ ಪುಸ್ತಕ ನೋಡಬೇಕಿತ್ತು. ತಲೆಗೆ ಇಷ್ಟು ಹಂಚು ಎನ್ನುವ ಅಂಕಿ ಏರಿದ್ದೇ ಏರಿದ್ದು. ಆಮೇಲೆ ಆಟಿ ತಿಂಗಳು ಬಂತು. ಮಳೆಗೆ ಹಂಚು ಒಣಗುವುದಿಲ್ಲ. ಶೆಡ್ಡು ತುಂಬಿ ದಾರಿಯಲ್ಲೂ ಹಸಿ ಹಂಚು. ಭಟ್ಟಿ ಹಳೆಯದೇ. ಅದು ಒಂದು ಸಲಕ್ಕೆ ಎಷ್ಟು ಹಿಡಿಯುತ್ತಿತ್ತೋ ಅಷ್ಟೇ ಹಿಡಿಯಿತು. ತಿರುಗಿಸುವವರಿಲ್ಲದೆ ಹಂಚು ಡೊಂಕಾಯಿತು. ಡೊಂಕು ಹಂಚು ಭಟ್ಟಿಯಲ್ಲಿ ಬಿರುಕು ಬಿಟ್ಟಿತು. ಒತ್ತಿದ್ದನ್ನು ಮತ್ತೆ ಮಣ್ಣಿಗೆ ಹಾಕಿ ಕಲಸಿದ್ದೂ ಉಂಟು. ಒತ್ತಿದ ಹಂಚಿನ ಲೆಕ್ಕ ಮೇಲೆ, ಮಾರಿದ ಹಂಚಿನ ಲೆಕ್ಕ ಇದ್ದಲ್ಲೇ. ದಣಿಗಳು ಕೇಳಿದಾಗ ನಾನು ಮಳೆಯ ಮೇಲೆ ಹಾಕಿದೆ. ಸುಳ್ಳೇನಲ್ಲ, ಅರ್ಧ ಸತ್ಯ.

ಮರುವರ್ಷ ಆ ಆರರಲ್ಲಿ ಒಬ್ಬರು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ನಾನು ತಲೆ ತಗ್ಗಿಸಿ ದಾಟುವವನಿದ್ದೆ. ಅವರೇ ಕರೆದು ಮಾತಾಡಿಸಿದರು. ಬೈಯಲಿಲ್ಲ. ‘ಈಗ ಒಡೆಯುವುದು ಎಷ್ಟುಂಟು?’ ಎಂದು ಕೇಳಿದರು. ಅಷ್ಟೇ. ಬಸ್ಸು ಬಂತು, ಹೋದರು.

ಆ ಕಾರ್ಖಾನೆ ಆಮೇಲೆ ಮುಚ್ಚಿತು. ಅದು ನನ್ನ ಪಟ್ಟಿಯಿಂದಲ್ಲ. ಎಲ್ಲರೂ ತಾರಸಿ ಮನೆ ಕಟ್ಟತೊಡಗಿದರು, ಮಣ್ಣು ಸಿಗುವುದೂ ಕಷ್ಟವಾಯಿತು.

ಅಮೆರಿಕದ ಒಂದು ಕಥೆ ಓದಿದ ಮೇಲೆ ನನಗೆ ಸ್ವಲ್ಪ ಸಮಾಧಾನವಾಯಿತು, ನಾನೊಬ್ಬನೇ ದಡ್ಡ ಅಲ್ಲ ಅಂತ. ಎಡಿಸನ್ನನ ವಿದ್ಯುತ್ ಕೇಂದ್ರ ನ್ಯೂಯಾರ್ಕಿನಲ್ಲಿ ಶುರುವಾದದ್ದು 1882ರಲ್ಲಿ. ಅಲ್ಲಿನ ಕಾರ್ಖಾನೆಗಳ ಉತ್ಪಾದಕತೆ ಜೋರಾಗಿ ಏರಿದ್ದು 1920ರ ದಶಕದಲ್ಲಿ. ನಡುವೆ ನಲವತ್ತು ವರ್ಷ. ಯಾಕೆ? ಮೊದಮೊದಲು ಅವರು ಹಬೆ ಎಂಜಿನ್ ತೆಗೆದು ಅದೇ ಜಾಗದಲ್ಲಿ ದೊಡ್ಡ ಮೋಟಾರ್ ಇಟ್ಟರು. ಅದೇ ಉದ್ದ ಶಾಫ್ಟು, ಅದೇ ಬೆಲ್ಟು, ಅದೇ ಮಹಡಿ ಮೇಲೆ ಮಹಡಿ. ಪ್ರತಿ ಯಂತ್ರಕ್ಕೂ ಅದರದೇ ಸಣ್ಣ ಮೋಟಾರ್ ಬಂದು, ಕೆಲಸ ಸಾಗುವ ಕ್ರಮದಲ್ಲೇ ಯಂತ್ರ ಜೋಡಿಸಿದ ಮೇಲೆ ಲಾಭ ಕಂಡಿತು. ಕಂಪ್ಯೂಟರಿನದ್ದೂ ಹಾಗೇ. ಕಂಪ್ಯೂಟರ್ ಎಲ್ಲ ಕಡೆ ಕಾಣುತ್ತದೆ, ಉತ್ಪಾದಕತೆಯ ಅಂಕಿಯಲ್ಲಿ ಮಾತ್ರ ಕಾಣುವುದಿಲ್ಲ ಎಂದು ಸೋಲೋ ಎಂಬ ಅರ್ಥಶಾಸ್ತ್ರಜ್ಞ 1987ರಲ್ಲೇ ಬರೆದಿದ್ದ. ನಿನ್ನ ಶಾಪಿಗೆ ಬಂದ ಹೊಸ ಸಾಫ್ಟ್‌ವೇರ್ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಒಬ್ಬರ ಉತ್ಪಾದಕತೆ ಏರಿದರೆ ಊರಿನದ್ದೂ ಏರಿತು ಅಂತಲೂ ಇಲ್ಲ. ಮಲ್ಪೆ ಕಡೆಯ ಹಳಬರನ್ನು ಕೇಳು. ರಂಪಣಿ ಬಲೆ ಎಳೆಯಲು ಅರವತ್ತರಿಂದ ನೂರು ಜನ ಬೇಕಿತ್ತು. ದಡದಲ್ಲಿ ಎರಡು ಸಾಲು ನಿಂತು ಎಳೆಯಬೇಕು. ಎಳೆದವರಿಗೆಲ್ಲ ಪಾಲು. ಎಪ್ಪತ್ತರ ದಶಕದ ನಡುವಿನಲ್ಲಿ ಕಡಲಲ್ಲೇ ಮೀನಿನ ಹಿಂಡಿಗೆ ಸುತ್ತ ಬಲೆ ಹಾಕಿ ಹಿಡಿಯುವ ಪರ್ಸೀನ್ ಬೋಟು ಬಂತು. ಮೂವತ್ತು ಜನಕ್ಕಿಂತ ಕಡಿಮೆ ಹೋಗಿ ರಾಶಿ ಬೂತಾಯಿ, ಬಂಗುಡೆ ತರತೊಡಗಿದರು. ತಲಾ ಲೆಕ್ಕ ಹಾಕಿದರೆ ದೊಡ್ಡ ಪ್ರಗತಿ. ಆದರೆ ಆ ಮೀನಿನಲ್ಲಿ ಒಂದು ಪಾಲು ದಡಕ್ಕೆ ಬರಬೇಕಾದದ್ದೇ, ದಾರಿಯಲ್ಲೇ ಹಿಡಿದದ್ದು. ಕಡಲು ಹೊಸ ಮೀನು ಕೊಡಲಿಲ್ಲ. ಕೆಲವೇ ವರ್ಷದಲ್ಲಿ ರಂಪಣಿ ಮೂಲೆ ಸೇರಿತು. ಬೋಟು ಬರಬಾರದಿತ್ತು ಎಂದು ನಾನು ಹೇಳುವುದಿಲ್ಲ. ಬಲೆ ಬಿಟ್ಟ ಕೈಗಳು ಎಲ್ಲಿಗೆ ಹೋದವು ಎನ್ನುವುದನ್ನೂ ಅದೇ ಲೆಕ್ಕದಲ್ಲಿ ಬರೆಯಬೇಕು, ಅಷ್ಟೇ.

ನಮ್ಮ ದೇಶದ ಉದ್ದದ ಗೆರೆಯಲ್ಲೂ ಇದೇ ಕಥೆ. ದೇಶದ ಒಟ್ಟು ಆದಾಯದಲ್ಲಿ ಕಾರ್ಖಾನೆಗಳ ಪಾಲು ಎಷ್ಟೋ ದಶಕಗಳಿಂದ ನೂರಕ್ಕೆ 15ರ ಆಚೀಚೆಯೇ ಉಂಟು. 2014ರಲ್ಲಿ ಮೇಕ್ ಇನ್ ಇಂಡಿಯಾ ಶುರುವಾದಾಗ 2022ರೊಳಗೆ ಅದನ್ನು 25 ಮಾಡುವ ಗುರಿ ಇತ್ತು. ಆಗಲಿಲ್ಲ. ಉತ್ಪಾದನೆ ಏರಿದೆ, ಆದರೆ ಉಳಿದದ್ದೂ ಏರಿತು. ಅದಕ್ಕೆ ಪಾಲು ನಿಂತಲ್ಲೇ ನಿಂತಿತು. ಇನ್ನೊಂದು ಅಂಕಿ ನೋಡು. ದುಡಿಯುವ ನೂರು ಜನರಲ್ಲಿ ಸುಮಾರು 45 ಜನ ಇನ್ನೂ ಕೃಷಿಯಲ್ಲಿದ್ದಾರೆ. ಆದಾಯದಲ್ಲಿ ಕೃಷಿಯ ಪಾಲು 18ರ ಹತ್ತಿರ. ನೀನೇ ಭಾಗಿಸು. ಕೃಷಿಯ ಹೊರಗಿನ ಒಬ್ಬನ ಪಾಲು ಹೊಲದ ಒಬ್ಬನ ಪಾಲಿಗಿಂತ ಮೂರೂವರೆ ಪಟ್ಟಿಗೂ ಜಾಸ್ತಿ ಬರುತ್ತದೆ. ಗದ್ದೆ ಬಿಟ್ಟು ಒಳ್ಳೆಯ ಕೆಲಸಕ್ಕೆ ಒಬ್ಬ ಹೋದರೂ ದೇಶದ ಉತ್ಪಾದಕತೆ ಏರುವುದು ಹೀಗೆ. ನೀನು ಬಿಡಿಸಿದ ಹನ್ನೆರಡು ಜನ ಪುನಃ ಊರಿಗೆ ಹೋಗಿ ಗದ್ದೆಯಲ್ಲಿ ಕೂತರೆ? ನಿನ್ನ ಶಾಪಿನ ಅಂಕಿ ಏರುತ್ತದೆ, ದೇಶದ್ದು ಇಳಿಯುತ್ತದೆ. ಎರಡೂ ನಿಜವಾದ ಅಂಕಿಗಳೇ.

ಎಲ್ಲ ಕೆಲಸಕ್ಕೂ ಈ ಅಳತೆಗೋಲು ಹಿಡಿಯಲೂ ಬೇಡ. ಯಕ್ಷಗಾನಕ್ಕೆ ಭಾಗವತರು, ಚೆಂಡೆ, ಮದ್ದಳೆ ನೂರು ವರ್ಷದ ಹಿಂದೆಯೂ ಬೇಕಿತ್ತು, ಈಗಲೂ ಬೇಕು. ಕಾಲಮಿತಿ ಮಾಡಿ ಬೆಳಗಿನ ತನಕದ ಆಟವನ್ನು ನಡುರಾತ್ರಿಗೆ ಮುಗಿಸಿದರೆ ಉತ್ಪಾದಕತೆ ಏರಿತು ಎನ್ನುತ್ತೀಯಾ? ಆದರೂ ಕಲಾವಿದರ ಸಂಬಳ ಏರಲೇಬೇಕು. ಅವರು ಅಕ್ಕಿ ತರುವುದೂ ನಾವು ತರುವ ಅಂಗಡಿಯಿಂದಲೇ. ಬಾಮೋಲ್ ಎಂಬ ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲಿ ಪಿಟೀಲಿನವರ ಉದಾಹರಣೆ ಕೊಟ್ಟು ಇದನ್ನೇ ಹೇಳಿದ್ದರು. ನಮ್ಮ ಆಟ ನೋಡಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದರೋ ಏನೋ.

ಈಗ ನಿನ್ನ ವಿಷಯ. ಪಟ್ಟಿ ಸದ್ಯ ಬರೆಯಬೇಡ. ಆಗುವುದಿಲ್ಲ ಅಂತಲೂ ಮುಖಕ್ಕೆ ಹೊಡೆದ ಹಾಗೆ ಹೇಳಬೇಡ. ಒಂದು ವಾರ ಸಮಯ ಕೇಳು. ಒಂದು ಹಳೆ ನೋಟುಪುಸ್ತಕ ತೆಗೆದುಕೊಂಡು ಶಾಪಿನಲ್ಲಿ ನಿಲ್ಲು. ಜನ ಎಷ್ಟು ಹೊತ್ತು ಸುಮ್ನೆ ನಿಂತಿದ್ದರು ಎಂದು ಬರೆಯುವುದಲ್ಲ. ಪ್ರೆಸ್ ಎಷ್ಟು ಹೊತ್ತು ನಿಂತಿತು, ಯಾಕೆ ನಿಂತಿತು ಎಂದು ಬರೆ. ಶೀಟು ಬರಲಿಲ್ಲವಾ, ಕರೆಂಟ್ ಹೋಯಿತಾ, ಕ್ರೇನ್ ಬೇರೆ ಕಡೆ ಇತ್ತಾ, ಡೈ, ಅಂದರೆ ಒತ್ತುವ ಅಚ್ಚು, ಬದಲಿಸಲು ಎಷ್ಟು ಹೊತ್ತು ಹಿಡಿಯಿತು. ನೀನೇ ಹಿಂದೆ ಹೇಳಿದ್ದೆ, ಒಂದು ಡೈ ಬದಲಿಸಲು ಅರ್ಧ ಪಾಳಿ ಹೋಗುತ್ತದೆ ಅಂತ. ಜಪಾನಿನ ಟೊಯೊಟಾದಲ್ಲಿ ಗಂಟೆಗಟ್ಟಲೆ ಹಿಡಿಯುತ್ತಿದ್ದ ಆ ಕೆಲಸವನ್ನು ಹತ್ತು ನಿಮಿಷದೊಳಗೆ ತಂದರು. ದೊಡ್ಡ ಯಂತ್ರ ಏನೂ ತಂದದ್ದಲ್ಲ. ಪ್ರೆಸ್ ಓಡುತ್ತಿರುವಾಗಲೇ ಮಾಡಿಡಬಹುದಾದ ಕೆಲಸವನ್ನೆಲ್ಲ ಮೊದಲೇ ಮಾಡಿಟ್ಟರು. ಅದು ಯಾವ ಕೆಲಸ ಅಂತ ಡೈ ಕಟ್ಟುವವರಿಗೇ ಗೊತ್ತಿರುತ್ತದೆ. ಅವರ ಹತ್ತಿರ ಕೂತು ಚಾ ಕುಡಿ, ಕೇಳು. ಇಂಜಿನಿಯರ್ ಎನ್ನುವ ಬಿಗುಮಾನ ಕ್ಯಾಂಟೀನಿನ ಹೊರಗೆ ಇಡು.

ಮತ್ತೆ ಒಂದು ಮಾತು. ನಿನ್ನ ಶಾಪಿನಲ್ಲಿ ಏನೂ ಮಾಡದೆ ಓಡಾಡುತ್ತಾರೆ ಅಂತ ಕಾಣುವವರು ಯಾರು ಅಂತ ನೋಡು. ಅವರ ಬಗ್ಗೆ ಎರಡು ಸಲ ಕೇಳು.

ಇಷ್ಟೆಲ್ಲ ಮಾಡಿದ ಮೇಲೂ ಇಬ್ಬರೋ ಮೂವರೋ ನಿಜವಾಗಿ ಜಾಸ್ತಿ ಎಂದು ಕಂಡರೆ ಹಾಗೇ ಹೇಳು, ಮುಚ್ಚಿಡಬೇಡ. ಆದರೆ ಅವರಿಗೆ ಬೇರೆ ಯಾವ ಕೆಲಸ ಕಲಿಸಬಹುದು ಎನ್ನುವುದನ್ನು ಅದೇ ಹಾಳೆಯಲ್ಲಿ ಬರೆ. ಮೇಲಿನವರು ಓದುತ್ತಾರೋ ಇಲ್ಲವೋ, ಗ್ಯಾರಂಟಿ ನಾನು ಕೊಡುವುದಿಲ್ಲ. ನನ್ನ ದಣಿಗಳು ಕೆಟ್ಟವರೇನೂ ಆಗಿರಲಿಲ್ಲ. ಅವರ ಎದುರು ಇದ್ದದ್ದು ನಾನು ಕೊಟ್ಟ ಹಾಳೆ ಒಂದೇ.

ವಾರ ಕಳೆದ ಮೇಲೆ ನೋಟುಪುಸ್ತಕದ ಫೋಟೋ ಕಳಿಸು. ಅಕ್ಷರ ದೊಡ್ಡದಾಗಿ ಬರೆ, ನನ್ನ ಕನ್ನಡಕದ ನಂಬರ್ ಬದಲಾಗಿದೆ. ಪತ್ರೊಡೆ ಬಸ್ಸಿನಲ್ಲಿ ಕಳಿಸಲಾ ಎಂದು ನಿನ್ನ ಅಮ್ಮ ಕೇಳುತ್ತಿದ್ದಾಳೆ. ಯಾವ ಸ್ಟಾಪಿನಲ್ಲಿ ತೆಗೆದುಕೊಳ್ಳುತ್ತೀ ಅಂತ ಅವಳಿಗೆ ಇವತ್ತೇ ಫೋನ್ ಮಾಡಿ ಹೇಳು.

ನಿನ್ನ ಮಾವ