ಹೊಳೆಯೊಳಗೆ ಮನೆ ಕಟ್ಟಿದವರು ನಾವಲ್ಲ

ಮಾನ್ಯ ಸಂಪಾದಕರೇ,

ಕುಶಾಲನಗರದ ಕಾವೇರಿ ದಂಡೆಯ ಬಡಾವಣೆಗಳಿಗೆ ಈ ಮಳೆಗಾಲವೂ ಕೊಟ್ಟಿರುವ ನೆರೆ ಎಚ್ಚರಿಕೆಯ ನೋಟಿಸಿನ ಕುರಿತ ನಿನ್ನೆಯ ವರದಿಯನ್ನು ಓದಿದೆ. ಆ ನೋಟಿಸು ಹಿಡಿದು ಕಚೇರಿಗೆ ಹೋಗಿ ಎರಡು ಗಂಟೆ ನಿಂತ ನನಗೆ ಅಧಿಕಾರಿಯೊಬ್ಬರಿಂದ ಸಿಕ್ಕ ಉತ್ತರ, "ಹೊಳೆಯೊಳಗೆ ಮನೆ ಕಟ್ಟಿಕೊಂಡು ನಮ್ಮನ್ನೇಕೆ ಕೇಳುತ್ತೀರಿ?" ಎಂಬುದು. ನಕ್ಷೆಗೆ ಮಂಜೂರಾತಿ ಕೊಟ್ಟು, ಖಾತೆ ಮಾಡಿ, ವರ್ಷ ತಪ್ಪದೆ ಕಂದಾಯ ಕಟ್ಟಿಸಿಕೊಳ್ಳುತ್ತಿರುವುದು ಅದೇ ಕಚೇರಿ.

2018ರ ಆಗಸ್ಟ್‌ನಲ್ಲಿ ಹೊಳೆ ಮನೆಗೆ ನುಗ್ಗಿ ಅಕ್ಕಿ ಮೂಟೆ, ಹಾಸಿಗೆ, ಮಗಳ ಅಂಕಪಟ್ಟಿ ಎಲ್ಲವೂ ಕೆಸರಾದವು. ಮರುವರ್ಷ ಅದೇ ತಿಂಗಳು ಎಂಬತ್ತು ದಾಟಿದ ನಮ್ಮತ್ತೆಯವರನ್ನು ದೋಣಿಯಲ್ಲಿ ಸಾಗಿಸಿದೆವು.

ನಮ್ಮ ಊರು ನಿನ್ನೆ ಎದ್ದ ಕಾಲೊನಿಯಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಕರ್ನಲ್ ಫ್ರೇಸರ್ ಹೆಸರಿನಿಂದ ಫ್ರೇಸರ್‌ಪೇಟೆ ಎನಿಸಿಕೊಂಡ, ಹಿರಿಯರು ಇಂದಿಗೂ ಹಾಗೆಯೇ ಕರೆಯುವ ಪೇಟೆ ಇದು. ಕಾವೇರಿಯ ಆಚೆ ದಡ ಮೈಸೂರು ಜಿಲ್ಲೆ. ಅಲ್ಲಿಯ ಕೊಪ್ಪದ ರೈತರಿಗೂ ಬೈಲುಕುಪ್ಪೆಯ ಟಿಬೆಟನ್ನರಿಗೂ ಸಂತೆ, ಸಾಮಾನು ಇಲ್ಲಿಯದೇ. ಮಡಿಕೇರಿಯ ಮಳೆ, ಚಳಿ ತಾಳಲಾರದ ನಿವೃತ್ತರು ಇಳಿದು ಬಂದು ನೆಲೆಸಿದ್ದರಿಂದ ಗದ್ದೆಗಳು ನಿವೇಶನಗಳಾದವು ನಿಜ, ಆದರೆ ಭೂಪರಿವರ್ತನೆಯ ಆದೇಶಕ್ಕೆ ಸಹಿ ಹಾಕಿದವರು ನಿವೃತ್ತರಲ್ಲ.

ಭಾಗಮಂಡಲದ ಕಡೆ ಮಳೆ ಹಿಡಿದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಅದೇ ಹೊತ್ತಿಗೆ ಹಾರಂಗಿ ಜಲಾಶಯದ ಗೇಟು ತೆರೆದರೆ ಕೆಳಗೆ ಕೂಡಿಗೆಯಲ್ಲಿ ಹಾರಂಗಿ ಕಾವೇರಿಯನ್ನು ಸೇರುವ ಸಂಗಮ ತುಂಬಿ, ಮೇಲಿನಿಂದ ಬಂದ ನೀರು ಮುಂದೆ ಸಾಗದೆ ನಮ್ಮ ಬೀದಿಗಳಿಗೆ ನುಗ್ಗುತ್ತದೆ ಎಂಬುದು ದಂಡೆಯಲ್ಲಿ ಬದುಕುವ ನಮ್ಮ ಅನುಭವ. ಇದನ್ನು ಎಷ್ಟು ಅರ್ಜಿಗಳಲ್ಲಿ ಬರೆದರೂ ಸ್ವೀಕೃತಿಯ ಮೊಹರಿನ ಹೊರತು ಏನೂ ಬಂದಿಲ್ಲ. ಒಳಚರಂಡಿಗೆಂದು ಅಗೆದ ನಮ್ಮ ರಸ್ತೆಯನ್ನು ಸರಿಯಾಗಿ ಮುಚ್ಚಿಸಲು ಎರಡು ಮಳೆಗಾಲ ಅಲೆದೆ. ಹೋದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿದ್ದರು.

ನದಿಯ ಹೂಳು ತೆಗೆಸಲಿ, ತಡೆಗೋಡೆ ಕಟ್ಟಿಸಲಿ, ಇಲ್ಲವೇ ಇಲ್ಲಿ ವಾಸ ಕೂಡದೆಂದು ಬರೆದುಕೊಟ್ಟು ಬೇರೆ ಜಾಗ ತೋರಿಸಲಿ. ಜೂನ್ ಬಂದೊಡನೆ ನೋಟಿಸು ಅಂಟಿಸಿ ಹೋಗುವುದನ್ನು ಮೊದಲು ನಿಲ್ಲಿಸಲಿ. ಇದಾವುದೂ ಆಗದಿದ್ದರೆ, ಕಂದಾಯ ಕಟ್ಟುವ ಹಿರಿಯ ನಾಗರಿಕರನ್ನು ಕುಳ್ಳಿರಿಸಿ ಮರ್ಯಾದೆಯಿಂದ ಮಾತನಾಡಿಸುವುದನ್ನಾದರೂ ಆ ಅಧಿಕಾರಿಗಳು ಕಲಿಯಲಿ.

– ನೊಂದ ನಿವಾಸಿ, ಕುಶಾಲನಗರ